ಮೂವತ್ತರ ಚಿಪ್ಪು, ಮೂವತ್ತೈದರ ಬಾಯಿ

ಆಗಸ್ಟ್ 30, 1976

ಎಡಗೈ ಬರಹ. ಬಲಗೈ ಮೂಳೆ ಮುರಿದು ಗಾರೆ ಮೆತ್ತಿದ್ದಾರೆ. ಹುಲ್ಲು ಕಟ್ಟುವ ಯಂತ್ರಕ್ಕೂ ನನಗೂ ಜಗಳವಾಗಿ ಯಂತ್ರ ಗೆದ್ದಿತು. ದಿನಾ ನಾಲ್ಕು ಸಾಲು ಬರೆಯಿರಿ, ಎಡಗೈ ಪಳಗುತ್ತದೆ ಅಂದರು ಡಾಕ್ಟರು. ಬರೆದೆ. ಸಾಕು.

ಸೆಪ್ಟೆಂಬರ್ 1

ಮಗನ ಹೆಂಡತಿ ಬಂದಿಳಿದಿದ್ದಾಳೆ. ನಾನು ಕರೆದಿಲ್ಲ. ಡೇಲ್ ಅಲಾಸ್ಕಾದಲ್ಲಿ ಎಣ್ಣೆ ಕೊಳವೆ ಜೋಡಿಸುತ್ತಾ ಕೂತು, ಅಪ್ಪನನ್ನು ನೋಡಿಕೋ ಅಂತ ಹೆಂಡತಿಯನ್ನು ಇಲ್ಲಿಗೆ ಅಟ್ಟಿದ್ದಾನೆ. ರಾತ್ರಿ ಊಟಕ್ಕೆ ಮಾಂಸ ಚಿಕ್ಕಚಿಕ್ಕದಾಗಿ ಕತ್ತರಿಸಿ ಮುಂದಿಟ್ಟಳು, ಮಗುವಿಗೆ ಇಟ್ಟ ಹಾಗೆ. ತಿಂದೆ. ಹಸಿವಾಗಿತ್ತು.

ಸೆಪ್ಟೆಂಬರ್ 5

ಇವತ್ತು ನೆಲಮನೆಗೆ ಇಳಿದು ಕಪಾಟು ತೆಗೆದೆ. ಕೋವಿ ತೋಟಾದ ಹಳೆಯ ಚಿಪ್ಪುಗಳ ಕುತ್ತಿಗೆಗಳೆಲ್ಲ ಸೀಳಿಹೋಗಿವೆ. ಒಂದೂ ಕೆಲಸಕ್ಕೆ ಬಾರದು.

ನನ್ನ ಕೋವಿ ಮೂವತ್ತೈದರ ಅಳತೆಯ ಗುಂಡಿನದು. ಅದರ ತೋಟಾ ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಈ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಬಿದ್ದಿರುವ ಮೂವತ್ತರ ಖಾಲಿ ಹಿತ್ತಾಳೆ ಚಿಪ್ಪು ತಂದು, ಅದರ ಬಾಯಿ ಅಗಲಿಸಿ, ಅಚ್ಚಿನಲ್ಲಿ ಒತ್ತಿ ಮೈ ಸರಿಮಾಡಿ, ಕಿಡಿ ಹತ್ತಿಸುವ ಕೇಪು, ಮದ್ದು, ಗುಂಡು ತುಂಬಿ ನಾವೇ ಮಾಡಿಕೊಳ್ಳಬೇಕು. ಅದಕ್ಕೆ ಅಚ್ಚು ಒತ್ತುವ ಪ್ರೆಸ್ಸಿನ ಹಿಡಿ ಎಳೆಯುವ ಒಂದು ಕೈ ಬೇಕು, ಚಿಪ್ಪು ಹಿಡಿಯುವ ಇನ್ನೊಂದು ಕೈ ಬೇಕು. ನನ್ನ ಹತ್ತಿರ ಇರುವುದು ಒಂದೂವರೆ.

ಎಲ್ಕ್ ಜಿಂಕೆಯ ಬೇಟೆ ಶುರುವಾಗುವುದು ಅಕ್ಟೋಬರ್ 24ಕ್ಕೆ. ಬೆಟ್ಟದ ಮೇಲೆ ನಮ್ಮ ಡೇರೆಯಲ್ಲಿ ನಾನು, ನನ್ನ ಹಳೆಯ ಗೆಳೆಯ ಹಾಲ್ವರ್, ಅವನ ತಮ್ಮ ಕಿವುಡ ಸೀವರ್ಟ್, ಅಷ್ಟೇ ಜನ. ಅಲ್ಲಿ ಇರುವುದು ಒಂದೇ ನಿಯಮ. ತನ್ನ ಕೈಯಾರೆ ಮಾಡಿದ ತೋಟಾ ಇದ್ದವನು ಬೇಟೆಗೆ ಹೋಗಬಹುದು, ಇಲ್ಲದವನು ಡೇರೆಯಲ್ಲಿ ಕೂತು ಪಾತ್ರೆ ತೊಳೆಯಬೇಕು. ನಿಯಮ ಮಾಡಿದ ಮಹಾನುಭಾವ ನಾನೇ. ಹಾಲ್ವರ್ ಒಂದು ವರ್ಷ ಅಂಗಡಿ ತೋಟಾ ತಂದು ಸಿಕ್ಕಿಬಿದ್ದ. ಬೇಟೆ ಮುಗಿಯುವ ತನಕ ಬಾಣಲೆ ಉಜ್ಜಿದ. ನಾನು ಪಕ್ಕದಲ್ಲೇ ನಿಂತು, ಇಲ್ಲಿನ್ನೂ ಜಿಡ್ಡಿದೆ ನೋಡು ಅಂತ ತೋರಿಸಿಕೊಟ್ಟಿದ್ದೆ. ಆಸಾಮಿ ಅದನ್ನು ಮರೆತಿಲ್ಲ.

ಗಾರೆ ಬಿಚ್ಚುವ ಹೊತ್ತಿಗೆ ಅಕ್ಟೋಬರ್ ಅರ್ಧ ಕಳೆದಿರುತ್ತದೆ. ಟ್ರಿಗರ್ ಎಳೆಯುವಷ್ಟು ಬೆರಳು ಬಂದೀತು, ತೋಟಾ ಮಾಡುವಷ್ಟು ಕೈ ಬರುವುದಿಲ್ಲ. ಇಷ್ಟು ವರ್ಷ ಬೇಟೆಗೆ ಹೋದವನು ಈ ಸಲ ಹಾಲ್ವರ್‌ನ ಎದುರಿಗೆ ಬಾಣಲೆ ಉಜ್ಜುವುದೆ? ಅದಕ್ಕಿಂತ ಆ ಯಂತ್ರ ನನ್ನನ್ನು ಪೂರ್ತಿ ನುಂಗಿದ್ದರೆ ವಾಸಿಯಿತ್ತು.

ಯೋಚನೆ ಮಾಡಿದೆ. ಕೈ ಅವಳದಾಗಲಿ, ತಲೆ ನನ್ನದಿರುತ್ತದೆ. ಹಾಗಾದರೆ ತೋಟಾ ನನ್ನದೇ ಆಯಿತು. ಇದನ್ನೆಲ್ಲ ಹಾಲ್ವರ್‌ಗೆ ಬಿಡಿಸಿ ಹೇಳುವ ಅಗತ್ಯವೇನೂ ಇಲ್ಲ.

ಸೆಪ್ಟೆಂಬರ್ 7

"ನಿನಗೆ ಹೊತ್ತು ಹೋಗ್ತಿಲ್ಲ ಅನ್ಸುತ್ತೆ," ಅಂದೆ.

"ಹೋಗ್ತಿದೆಯಲ್ಲ ಮಾವ. ನಿಮ್ಮ ಗೊಣಗಾಟ ಕೇಳೋದ್ರಲ್ಲೇ ಸಂಜೆ ಆಗುತ್ತೆ."

ಹುಡುಗಿಗೆ ನಾಲಿಗೆ ಉದ್ದ. ಗ್ರೇಟ್ ಫಾಲ್ಸ್ ಪಟ್ಟಣದಲ್ಲಿ ಹೆಂಗಸರ ಕೂದಲು ಕತ್ತರಿಸುವ ಕೆಲಸ ಅವಳದು. ಅಲ್ಲಿ ಕತ್ತರಿಗಿಂತ ಬಾಯಿಗೇ ಕೆಲಸ ಜಾಸ್ತಿ ಅಂತ ಕಾಣುತ್ತದೆ. ನೆಲಮನೆಗೆ ಕರೆದುಕೊಂಡು ಹೋಗಿ ಪ್ರೆಸ್ಸು ತೋರಿಸಿ, ಡೇರೆಯ ನಿಯಮವನ್ನೂ ವಿಷಯವನ್ನೂ ಹೇಳಿದೆ.

"ಅಂದ್ರೆ ಕೆಲಸ ನಂದು, ಹೆಸರು ನಿಮ್ದು."

"ಈಗ ಹೆಸರಿನ ಮಾತ್ಯಾಕೆ ಬಂತು?"

"ಸುಮ್ನೆ ಕೇಳ್ದೆ. ನಮ್ಮ ಸಲೂನಲ್ಲೂ ಹಂಗೇ. ಕೂದಲು ಕತ್ತರಿಸೋಳು ನಾನು, ಬೋರ್ಡ್ ಮೇಲಿರೋದು ಯಜಮಾನಿ ಹೆಸರು." ಒಂದು ಚಿಪ್ಪು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು. "ಆಯ್ತು ಮಾವ, ಕಲಿಸಿ. ಆದ್ರೆ ಕೂಗಾಡಿದ್ರೆ ಎದ್ದು ಹೋಗ್ತೀನಿ."

ನಾನು ಯಾವತ್ತು ಕೂಗಾಡಿದ್ದೇನೆ?

ಸೆಪ್ಟೆಂಬರ್ 11

ಕೂಗಾಡಿದೆ. ಆದರೆ ಕಾರಣ ಇತ್ತು.

ಅಚ್ಚಿನೊಳಗೆ ಹೋಗುವ ಮುಂಚೆ ಚಿಪ್ಪಿನ ಮೈಗೆ ಜಿಡ್ಡು ಸವರಬೇಕು. ಅತಿಯಾಗಬಾರದು, ಸುಮ್ಮನೆ ತಾಗಿಸು ಸಾಕು ಅಂದಿದ್ದೆ. ಮಹಾರಾಯ್ತಿ ನಿಜವಾಗಿಯೂ ಬೆರಳ ತುದಿ ತಾಗಿಸಿ ಬಿಟ್ಟಳು. ಚಿಪ್ಪು ಅಚ್ಚಿನೊಳಗೆ ಹೋಗಿ ಕಚ್ಚಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನನಗೆ ರೇಗಿತು. ನಾನು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಅವಳು ಎದ್ದು ಹೋಗಲಿಲ್ಲ. ಕೈಕಟ್ಟಿ ನಿಂತು ನಾನು ಮುಗಿಸುವ ತನಕ ಕೇಳಿದಳು.

"ತಾಗಿಸು ಅಂದ್ರಿ, ತಾಗಿಸ್ದೆ. ಸವರು ಅಂದಿದ್ರೆ ಸವರ್ತಿದ್ದೆ. ಈಗ ಇದನ್ನ ಹೊರಗೆ ತೆಗೆಯೋದು ಹೆಂಗೆ, ಅದನ್ನ ಹೇಳಿ. ಬೈಗುಳದಿಂದ ಬರಲ್ಲ ಅದು."

ಚಿಪ್ಪಿನ ತಳಕ್ಕೆ ತೂತು ಕೊರೆದು, ತಿರುಪು ಹಾಕಿ ಎಳೆಯಬೇಕು. ಎಳೆದಳು. ಬಂತು. ಮುಂದಿನದಕ್ಕೆ ಬೇಕಂತಲೇ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ ಹಾಗೆ ಮೆತ್ತಿದಳು. ಜಿಡ್ಡು ಹೆಚ್ಚಾದರೆ ಚಿಪ್ಪಿನ ಹೆಗಲಿನ ಹತ್ತಿರ, ಮೈ ಕಿರಿದಾಗಿ ಕುತ್ತಿಗೆಯಾಗುವಲ್ಲಿ, ಗುಳಿ ಬೀಳುತ್ತದೆ. ಬಿತ್ತು.

"ನೋಡು, ಗುಳಿ ಬಿದ್ದಿದೆ," ಅಂದೆ.

"ನನ್ನ ಕೆನ್ನೇಲೂ ಇದೆ. ನಿಮ್ಮ ಮಗ ಏನೂ ತಕರಾರು ಮಾಡ್ಲಿಲ್ಲ."

ಸೆಪ್ಟೆಂಬರ್ 18

ಬಾಯಿ ಅಗಲಿಸುವ ಮುಂಚೆ ಚಿಪ್ಪಿನ ಕುತ್ತಿಗೆಯನ್ನು ಬೆಂಕಿಯಲ್ಲಿ ಕಾಯಿಸಿ ಹದಕ್ಕೆ ತರಬೇಕು. ಇಲ್ಲದಿದ್ದರೆ ಸೀಳುತ್ತದೆ. ಕಡಿಮೆ ಕಾಯಿಸಿದರೆ ಪ್ರಯೋಜನವಿಲ್ಲ, ಕೆಂಪಾದರೆ ಚಿಪ್ಪು ಕೆಟ್ಟಿತು. ನೆಲಮನೆಯ ದೀಪ ಆರಿಸಿ, ಮಸುಕಿನಲ್ಲಿ ಬಣ್ಣ ನೋಡಿಕೊಂಡು, ಬಣ್ಣ ತಿರುಗಿದ ಕ್ಷಣವೇ ನೀರಿಗೆ ಹಾಕಬೇಕು. ಈ ಕೆಲಸ ನನಗೆ ಹಿಡಿತಕ್ಕೆ ಬರಲು ವರ್ಷಗಳೇ ಬೇಕಾದವು.

ಅವಳು ಒಂದು ಸಂಜೆಯಲ್ಲಿ ಮುಗಿಸಿದಳು. ಹೆಂಗಸರ ತಲೆಗೆ ಬಣ್ಣ ಹಚ್ಚಿ ಹಚ್ಚಿ ಅವಳ ಕಣ್ಣು ಪಳಗಿದೆಯಂತೆ. "ಈ ಬಣ್ಣಕ್ಕೆ ನಮ್ಮಲ್ಲಿ ಜೇನಿನ ಬಣ್ಣ ಅಂತೀವಿ ಮಾವ. ಬ್ಯಾಂಕಿನೋರ ಹೆಂಡತಿಗೆ ತುಂಬಾ ಇಷ್ಟ."

ತಪ್ಪು ಹುಡುಕೋಣ ಅಂತ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದೆ. ಒಂದೂ ಸಿಗಲಿಲ್ಲ. ಕನ್ನಡಕ ಬದಲಾಯಿಸಬೇಕು.

ಸೆಪ್ಟೆಂಬರ್ 26

ಎಡಗೈ ಚೆನ್ನಾಗಿ ಪಳಗಿದೆ, ಅಕ್ಷರಗಳು ಗುಂಡಾಗಿ ಬರುತ್ತಿವೆ. ಇವತ್ತಿನದು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಬಾಯಿ ಅಗಲವಾದ ಚಿಪ್ಪನ್ನು ಮತ್ತೆ ಅಚ್ಚಿಗೆ ಒತ್ತಿ ಹೆಗಲು ಕೂರಿಸುವುದು. ಅಚ್ಚನ್ನು ಕೂದಲೆಳೆಯಷ್ಟು ಇಳಿಸುವುದು, ಚಿಪ್ಪನ್ನು ಕೋವಿಗೆ ಹಾಕಿ, ಹಿಂಬಾಯಿ ಮುಚ್ಚುವ ಬೋಲ್ಟು ಮುಚ್ಚಿ ನೋಡುವುದು. ಮುಚ್ಚದಿದ್ದರೆ ಇನ್ನಷ್ಟು ಇಳಿಸುವುದು. ಬೋಲ್ಟು ಕೊನೆಯಲ್ಲಿ ಸ್ವಲ್ಪ ತಡೆದು, ಆಮೇಲೆ ಮುಚ್ಚಿಕೊಂಡರೆ ಸರಿ. ಅವಸರ ಮಾಡಿ ಜಾಸ್ತಿ ಇಳಿಸಿದರೋ ಚಿಪ್ಪು ಕೋವಿಯೊಳಗೆ ಸಡಿಲವಾಗುತ್ತದೆ. ಸಡಿಲ ಚಿಪ್ಪು ಗುಂಡು ಹಾರಿಸುವಾಗ ಹರಿದರೆ ಬೆಂಕಿ ನಮ್ಮ ಮುಖಕ್ಕೇ ಬರುತ್ತದೆ.

ಇದನ್ನು ಹೇಳಿದಾಗ ಅವಳು ತಮಾಷೆ ಮಾಡಲಿಲ್ಲ. "ಮುಖ ನಿಮ್ದು, ಹಂಗಾಗಿ ನಿಧಾನಕ್ಕೇ ಮಾಡ್ತೀನಿ," ಅಂದಳು. ಬೋಲ್ಟು ಮುಚ್ಚುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕೈಗೆ ಗೊತ್ತಾಗಬೇಕಂತೆ. ನಾನು ಪಕ್ಕದಲ್ಲಿ ಕೂತು ಕಾಫಿ ಕುಡಿದೆ. ಒಂದೆರಡು ಸಲ ಏನಾದರೂ ಹೇಳೋಣ ಅನ್ನಿಸಿತು, ಹೇಳುವಂಥದ್ದು ಏನೂ ಇರಲಿಲ್ಲ. ಸೊಸೆ ನಡೀನ್‌ಳ ಕಾಫಿ ಮಾತ್ರ ನೀರು. ಎರಡು ಲೋಟ ಕುಡಿದೆ.

ಅಕ್ಟೋಬರ್ 2

ಹಾಲ್ವರ್ ಆಲೂಗಡ್ಡೆ ಚೀಲ ಹೊತ್ತು ತಂದ. ಆಲೂಗಡ್ಡೆ ಒಂದು ನೆಪ. ನೇರವಾಗಿ ನೆಲಮನೆಗೆ ಇಳಿದ. ನಡೀನ್ ಪ್ರೆಸ್ಸಿನ ಮುಂದೆ ಚಿಪ್ಪು ಒರೆಸುತ್ತಾ ಕೂತಿದ್ದಳು.

"ಏನೋ ಆಲ್ಡನ್, ಈ ವರ್ಷ ಬಾಣಲೆ ಯಾವ ಸೋಪಲ್ಲಿ ಉಜ್ತೀಯ? ನಾನೇ ತಂದುಕೊಡ್ತೀನಿ."

"ನಿನ್ನ ಸೋಪು ನೀನೇ ಇಟ್ಕೊ. ಎಡಗೈ ಪಳಗಿದೆ ನಂದು," ಅಂದೆ.

"ಮತ್ತೆ ಈ ಹುಡುಗಿ?"

"ಅವಳಾ? ಒರೆಸ್ತಾಳೆ, ಅಷ್ಟೇ."

ನಡೀನ್ ತಲೆ ಎತ್ತಿ ನನ್ನನ್ನು ನೋಡಿದಳು. ಮತ್ತೆ ಒರೆಸತೊಡಗಿದಳು. "ಹೌದು ಹಾಲ್ವರ್ ಮಾಮ, ಒರೆಸ್ತೀನಿ. ಮಾವ ಕುತ್ಕೊಂಡು ದಣೀತಾರಲ್ಲ, ಅದಕ್ಕೆ."

"ಹುಷಾರು ಕಣೋ," ಅಂದ ಹಾಲ್ವರ್ ಹೊರಡುವಾಗ. "ಶಾಂಪೂ ಹಾಕೋ ಕೈ ಮದ್ದಿನ ಹತ್ರ ಬಂದ್ರೆ ಡೇರೆನೇ ಹಾರಿಹೋದೀತು."

ಅವನಿಗೆ ಸರಿಯಾದ ಉತ್ತರ ಕೊಡಬೇಕಿತ್ತು. ಆಮೇಲೆ ಹೊಳೆಯಿತು. ರಾತ್ರಿಯ ಸಾರಿಗೆ ಮೆಣಸು ವಿಪರೀತ ಬಿದ್ದಿತ್ತು. ಯಾಕೆ ಅಂತ ಕೇಳಲಿಲ್ಲ.

ಅಕ್ಟೋಬರ್ 9

ತೋಟಾ ತುಂಬಿ ಆಯಿತು. ಮದ್ದನ್ನು ತಕ್ಕಡಿಯಲ್ಲಿ ತೂಗುವಾಗ ಅವಳು ಉಸಿರನ್ನೂ ಬಿಡುವುದಿಲ್ಲ. ಆದರೆ ಹಾರಿಸಿ ನೋಡದೆ ತೋಟಾ ಒಳ್ಳೆಯದೋ ಕೆಟ್ಟದೋ ಗೊತ್ತಾಗದು. ನನ್ನ ಕೈ ಗಾರೆಯಲ್ಲಿದೆ. ಜಲ್ಲಿ ಗುಂಡಿಯ ಹತ್ತಿರ ಹೋಗಿ ಕಾಗದ ನಿಲ್ಲಿಸಿ ಅವಳ ಕೈಗೇ ಕೋವಿ ಕೊಟ್ಟೆ. ಮೊದಲ ಏಟಿಗೆ ಹಿಂದಕ್ಕೆ ಕೂತುಬಿಟ್ಟಳು. ಹೆಗಲು ಹಿಡಿದುಕೊಂಡು ನನ್ನನ್ನೇ ದುರುಗುಟ್ಟಿ ನೋಡಿದಳು.

"ಮಾವ, ಇದು ಒದೆಯುತ್ತೆ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹಾರಿಸ್ತಿದ್ಯಾ?"

ಮತ್ತೆ ಎದ್ದು ಹಾರಿಸಿದಳು. ಕೊನೆಕೊನೆಗೆ ಗುಂಡುಗಳೆಲ್ಲ ಒಂದು ಅಂಗೈ ಅಗಲದೊಳಗೆ ಬಿದ್ದವು. ತೋಟಾ ಚೆನ್ನಾಗಿದ್ದರೆ ಯಾರು ಹಾರಿಸಿದರೂ ಹಾಗೇ ಬೀಳುತ್ತವೆ, ಅದರಲ್ಲಿ ಅವಳದೇನೂ ಇಲ್ಲ. ಬರುವಾಗ ಅಂಗಡಿಯಲ್ಲಿ ನನಗೆ ಎಲ್ಕ್ ಲೈಸೆನ್ಸ್ ಕೊಳ್ಳಲು ಇಳಿದವಳು ತನಗೂ ಒಂದು ಕೊಂಡುಕೊಂಡಳು.

"ನಿನಗ್ಯಾಕೆ?"

"ಅಂಗಡಿಯೋನು ಕೇಳ್ದ, ಇರ್ಲಿ ಅಂದೆ. ನಿಮ್ಗೆ ಎಲ್ಕ್ ಸಿಗದಿದ್ರೆ ಚಳಿಗಾಲ ಪೂರ್ತಿ ನಾವು ಹಾಲ್ವರ್ ಮಾಮನ ಆಲೂಗಡ್ಡೆ ತಿನ್ನೋಣ್ವಾ?"

ಹೆಗಲಿಗೆ ಹಚ್ಚಲು ಕುದುರೆಗೆ ಹಚ್ಚುವ ಮುಲಾಮು ಕೊಟ್ಟೆ. ಡಬ್ಬಿಯ ಮೇಲೆ ಕುದುರೆಯ ಚಿತ್ರ ನೋಡಿ ಏನೋ ಅಂದಳು, ಕೇಳಿಸಲಿಲ್ಲ ಅಂತ ನಟಿಸಿದೆ.

ಅಕ್ಟೋಬರ್ 14

ಗಾರೆ ಬಿಚ್ಚಿದರು. ಇದು ಬಲಗೈ ಬರಹ. ಎಡಗೈದೇ ಚೆನ್ನಾಗಿತ್ತು.

ಪ್ರೆಸ್ಸಿನ ಹಿಡಿ ಎಳೆಯಲು ನೋಡಿದೆ. ಆಗಲಿಲ್ಲ. ಕೇಪು ಹಿಡಿಯಲು ನೋಡಿದೆ. ನೆಲದ ಮೇಲೆ ಬಿದ್ದವು. ಅವಳು ಹೆಕ್ಕಿಕೊಟ್ಟಳು, ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಒಳ್ಳೆಯದಿತ್ತು.

ಅಕ್ಟೋಬರ್ 16

ಶನಿವಾರ. ನಡೀನ್ ಇವತ್ತೊಂದು ದಿನ ಸಲೂನಿನ ಕೆಲಸಕ್ಕೆ ಹೋಗಿದ್ದಾಳೆ. ನಾನು ನೆಲಮನೆಯಲ್ಲಿ ಮೂರು ತೋಟಾ ಮಾಡಿದೆ. ಹಿಡಿಯನ್ನು ಮೊಣಕೈಯಿಂದಲೂ ಹೊಟ್ಟೆಯಿಂದಲೂ ಒತ್ತಿದೆ. ಅಚ್ಚಿನ ತಿರುಪನ್ನು ಬಿಗಿಮಾಡಲು ಬೆರಳಿಗೆ ಶಕ್ತಿ ಸಾಲಲಿಲ್ಲ, ಅಚ್ಚು ಒಂಚೂರು ತಿರುಗಿ ಇಳಿದಿರಬಹುದು. ಪರವಾಗಿಲ್ಲ. ಮೂರನ್ನೂ ಅವಳು ಮಾಡಿದವುಗಳ ಜೊತೆ ಡಬ್ಬಿಗೆ ಹಾಕಿದೆ.

ಈಗ ಹಾಲ್ವರ್ ಕೇಳಿದರೆ ನಾನು ಮಾಡಿದ ತೋಟಾ ಅಂತ ಹೇಳಬಹುದು. ಮೂರಾದರೂ ನಿಜ ತಾನೆ. ಯಾವ ಮೂರು ಅಂತ ಕೇಳುವ ಪದ್ಧತಿ ನಮ್ಮ ಡೇರೆಯಲ್ಲಿಲ್ಲ.

ಅಕ್ಟೋಬರ್ 23, ಡೇರೆ

ಬೆಟ್ಟದ ದಾರಿಯಲ್ಲಿ ಗೇರು ಬದಲಾಯಿಸಲು ನನ್ನ ಕೈ ಒಪ್ಪಲಿಲ್ಲ. ಹಾಗಾಗಿ ನಡೀನ್ ಗಾಡಿ ಓಡಿಸಿಕೊಂಡು ಬಂದಳು. ಕತ್ತಲಾಗಿತ್ತು, ಇಲ್ಲೇ ಉಳಿ ಅಂದ ಹಾಲ್ವರ್. ಅವಳು ಹುರಿದ ಆಲೂಗಡ್ಡೆ ತಿಂದು ಅವಳನ್ನು ಹೊಗಳಿದ್ದೂ ಹೊಗಳಿದ್ದೇ. ಅದು ಅವನದೇ ಆಲೂಗಡ್ಡೆ.

ಬೇಟೆಯ ಹಿಂದಿನ ಸಂಜೆ ತೋಟಾಗಳ ತಪಾಸಣೆ. ಇದೂ ನಾನೇ ಶುರುಮಾಡಿದ್ದು. ಒಬ್ಬನ ತೋಟಾವನ್ನು ಇನ್ನೊಬ್ಬ ನೋಡಬೇಕು. ಹಾಲ್ವರ್ ನನ್ನ ಡಬ್ಬಿ ತೆಗೆದುಕೊಂಡು, ಡೇರೆಯ ಬಾಗಿಲಲ್ಲಿ ನಿಂತು ನನ್ನ ಕೋವಿಯನ್ನು ಹೊರಗೆ ಮಣ್ಣಿನ ದಿಬ್ಬಕ್ಕೆ ತಿರುಗಿಸಿ ಹಿಡಿದು, ಒಂದೊಂದೇ ತೋಟಾ ಹಾಕಿ ಬೋಲ್ಟು ಮುಚ್ಚಿ ತೆಗೆದ. ತಪ್ಪು ಸಿಗಲಿ ಅಂತ ಹಪಹಪಿಸುತ್ತಿದ್ದದ್ದು ಅವನ ಬೆನ್ನಿನಲ್ಲೇ ಕಾಣುತ್ತಿತ್ತು. ನಡೀನ್ ಒಲೆಯ ಹತ್ತಿರ ಕಾಫಿ ಕಾಯಿಸುತ್ತಿದ್ದಳು. ಸೀವರ್ಟ್ ಬೂಟಿಗೆ ಎಣ್ಣೆ ಹಚ್ಚುತ್ತಿದ್ದ.

ಒಂದಾದ ಮೇಲೊಂದು ಹೋದ ಹಾಗೆ ಹಾಲ್ವರ್ ಮೆತ್ತಗಾದ.

"ಆಲ್ಡನ್," ಅಂದ. "ನಿನ್ನನ್ನ ಹೊಗಳೋಕೆ ನನಗೆ ಹೊಟ್ಟೆ ಉರಿಯುತ್ತೆ. ಆದ್ರೂ ಹೇಳ್ತೀನಿ. ಇಷ್ಟು ವರ್ಷದಲ್ಲಿ ನೀನು ಇಷ್ಟು ಒಳ್ಳೆ ತೋಟಾ ಮಾಡಿರಲಿಲ್ಲ. ಬೋಲ್ಟು ಹೆಂಗೆ ಕೂರುತ್ತೆ ಗೊತ್ತಾ? ರೇಷ್ಮೆ ಕಣೋ. ಅದೂ ಎಡಗೈಯಲ್ಲಿ."

ನಾನು ಕಾಫಿ ಕುಡಿದೆ. ನಡೀನ್ ಇತ್ತ ತಿರುಗಲಿಲ್ಲ. ಅವಳ ಕಿವಿ ಮಾತ್ರ ಕೆಂಪಾಗಿತ್ತು. ಒಲೆಯ ಬಿಸಿ ಇರಬಹುದು.

ಆಮೇಲೆ ಒಂದು ತೋಟಾಗೆ ಬೋಲ್ಟಿನ ಹಿಡಿ ತಡೆಯೇ ಇಲ್ಲದೆ ತಾನಾಗಿಯೇ ಕೆಳಗೆ ಬಿತ್ತು. ಹಾಲ್ವರ್ ತಲೆ ಎತ್ತಿದ. ಇನ್ನೊಂದು. ಮತ್ತೊಂದು. ಮೂರನ್ನೂ ತಂದು ಮೇಜಿನ ಮೇಲೆ ಪ್ರತ್ಯೇಕವಾಗಿ ನಿಲ್ಲಿಸಿದ.

"ಇವು ಸಡಿಲ. ಹಾರಿಸಿದ್ರೆ ಮುಖ ಇರಲ್ಲ." ನನ್ನ ಕಡೆ ಬಗ್ಗಿ, ದೊಡ್ಡ ಮನಸ್ಸಿನವನ ಹಾಗೆ ಗಲ್ಲ ಕೆರೆದುಕೊಂಡ. "ಪರವಾಗಿಲ್ಲ ಬಿಡು, ನನಗೆ ಅರ್ಥ ಆಗುತ್ತೆ. ಹುಡುಗಿಗೆ ಆಸೆ ಆಯ್ತು, ನೀನು ಮೂರು ಮಾಡೋಕೆ ಬಿಟ್ಟೆ. ಇವು ಅವಳ ಕೈಯಿಂದಾದದ್ದು, ಅಲ್ವಾ? ಆಚೆ ಬಿಸಾಕು, ಉಳಿದದ್ದು ಎತ್ಕೊ, ನಾಳೆ ಬೇಟೆಗೆ ಬಾ."

ಹೌದು ಅಂದರೆ ಮುಗಿದಿತ್ತು. ಅವಳು ಬಾಯಿ ಬಿಡುತ್ತಿರಲಿಲ್ಲ, ಅದು ನನಗೆ ಗೊತ್ತು. ಅವಳು ಕಾಫಿ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದಳು. ನನಗೆ ಹಾಲ್ವರ್‌ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಮನುಷ್ಯನಿಗೆ ಕಣ್ಣಿಲ್ಲವೆ? ಅಷ್ಟು ಚೊಕ್ಕವಾದ ಕೆಲಸ ಯಾರದು, ಈ ಗಬ್ಬು ಕೆಲಸ ಯಾರದು ಅಂತ ಕೋವಿ ಹಿಡಿದು ಇಷ್ಟು ವರ್ಷವಾದರೂ ಗೊತ್ತಾಗುವುದಿಲ್ಲವೆ?

"ಆ ಮೂರು ನಂದು," ಅಂದೆ.

"ಏನು?"

"ಕಿವುಡ ನಿನ್ನ ತಮ್ಮನೋ ನೀನೋ? ಆ ಮೂರು ದರಿದ್ರ ನನ್ನ ಕೈಯಿಂದಾದದ್ದು. ಮಿಕ್ಕಿದ್ದೆಲ್ಲ ನಡೀನ್ ಮಾಡಿದ್ದು. ಕಾಯಿಸಿದ್ದು, ಬಾಯಿ ಅಗಲಿಸಿದ್ದು, ಹೆಗಲು ಕೂರಿಸಿದ್ದು, ಮದ್ದು ತೂಗಿದ್ದು, ಎಲ್ಲಾ ಅವಳೇ. ನಾನು ಕಾಫಿ ಕುಡಿದೆ. ಅವಳ ಕೆಲಸಕ್ಕೆ ಸಡಿಲ ಅನ್ನೋ ಮಾತು ಇನ್ನೊಂದು ಸಲ ಬಂದ್ರೆ ಈ ಬಿಸಿ ಕಾಫಿ ನಿನ್ನ ಮೇಲೆ."

ಹಾಲ್ವರ್ ಒಂದು ಸಲ ನನ್ನನ್ನು ನೋಡಿದ, ಒಂದು ಸಲ ತೋಟಾಗಳನ್ನು ನೋಡಿದ. ನಿಧಾನವಾಗಿ ಅವನ ಮುಖದ ಮೇಲೆ ಹಬ್ಬ ಬಂತು.

"ಹಂಗಾದ್ರೆ ನಿನ್ನ ಹತ್ರ ಹಾರಿಸೋ ತೋಟಾ ಒಂದೂ ಇಲ್ಲ."

"ಇಲ್ಲ."

"ನಿಯಮ ಯಾರದ್ದಪ್ಪಾ ಇದು?"

"ನಂದೇ. ಬಾಣಲೆ ಎಲ್ಲಿದೆ ತೋರ್ಸು."

ಅವನು ಜೇಬಿನಿಂದ ಹೊಸ ಸೋಪು ತೆಗೆದು ಮೇಜಿನ ಮೇಲಿಟ್ಟ. ಮನೆಯಿಂದಲೇ ತಂದಿದ್ದ, ಪಾಪಿ. ಆಮೇಲೆ ನಡೀನ್ ಕಡೆ ತಿರುಗಿ, ಟೋಪಿ ತೆಗೆದು, "ಲೈಸೆನ್ಸ್ ಇದೆಯೇನಮ್ಮ?" ಅಂತ ಕೇಳಿದ.

ಇದೆ ಅಂದಳು. ನನ್ನ ಹತ್ತಿರ ಬಂದು, "ಮಾವ, ನೀವು ಹೌದು ಅಂದಿದ್ರೂ ನಾನು ಬೇಜಾರು ಮಾಡ್ಕೋತಿರಲಿಲ್ಲ," ಅಂದಳು.

"ನಾನು ಮಾಡ್ಕೋತಿದ್ದೆ," ಅಂದೆ. "ಹೋಗಿ ಮಲಕ್ಕೋ. ನಸುಕಲ್ಲೇ ಏಳ್ಬೇಕು. ದಪ್ಪನೆ ಕಾಲುಚೀಲ ಹಾಕ್ಕೋ."

ಅಕ್ಟೋಬರ್ 24

ಪಾತ್ರೆ ತೊಳೆದೆ. ನೀರು ಮಂಜಿನಷ್ಟು ತಣ್ಣಗಿದೆ. ಬಾಣಲೆಯ ತಳ ಉಜ್ಜಲು ಬಲಗೈ ಚೆನ್ನಾಗಿ ತಿರುಗುತ್ತದೆ, ಡಾಕ್ಟರು ಹೇಳಿದ ವ್ಯಾಯಾಮಕ್ಕಿಂತ ಇದೇ ವಾಸಿ. ಆಗಾಗ ಹೊರಗೆ ಹೋಗಿ ಕಣಿವೆಯ ಕಡೆ ಕಿವಿಗೊಟ್ಟು ನಿಂತೆ. ಅವಳಿಗೆ ಕೈಗವಸು ಕೊಟ್ಟಿದ್ದೆನೋ ಇಲ್ಲವೋ ಅಂತ ಯೋಚನೆ ಹತ್ತಿತು. ಕೊಟ್ಟಿದ್ದೆ. ಎರಡು ಜೊತೆ.

ಬೆಳಿಗ್ಗೆ ಒಂದು ಏಟು ಕೇಳಿಸಿತು. ನನ್ನ ಕೋವಿಯ ಸದ್ದು ಎಲ್ಲಿದ್ದರೂ ನನಗೆ ಗೊತ್ತು. ಮತ್ತೆ ಸದ್ದಿಲ್ಲ. ಕೈಯಲ್ಲಿದ್ದ ತಟ್ಟೆ ಅಲ್ಲೇ ಬಿಟ್ಟು ಏದುಸಿರು ಬಿಡುತ್ತಾ ದಿಬ್ಬದ ತನಕ ಹತ್ತಿದೆ. ಹಾಲ್ವರ್ ಮತ್ತು ಅವಳು ಇಳಿದು ಬರುತ್ತಿದ್ದರು, ಬರಿಗೈಯಲ್ಲಿ. ನಡೀನ್‌ಳ ಮುಖ ಚಿಕ್ಕದಾಗಿತ್ತು.

"ಗುರಿ ತಪ್ಪೋಯ್ತು ಮಾವ. ದೊಡ್ಡ ಗಂಡು ಎಲ್ಕ್. ಬಾಗಿಲಷ್ಟು ಅಗಲ ನಿಂತಿತ್ತು. ಹೆಂಗೆ ತಪ್ತೋ ಗೊತ್ತಿಲ್ಲ."

"ಚಿಪ್ಪೆಲ್ಲಿ?" ಅಂದೆ.

"ಏನು?"

"ಹಾರಿಸಿದ ಚಿಪ್ಪು, ಎತ್ಕೊಂಡ್ಯಾ?"

ಜೇಬಿನಿಂದ ತೆಗೆದು ಕೊಟ್ಟಳು. ಇನ್ನೂ ಮದ್ದಿನ ವಾಸನೆ ಇತ್ತು. ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಕುತ್ತಿಗೆಯಲ್ಲಿ ಒಂದು ಬಿರುಕಿಲ್ಲ. ಹೆಗಲು ಕೋವಿಯೊಳಗಿನ ಆಕಾರಕ್ಕೆ ಗೆರೆ ಕೊರೆದ ಹಾಗೆ ಬಂದು ಕೂತಿದೆ. ತಳದ ಹತ್ತಿರ ಒಂದು ಕಲೆಯಿಲ್ಲ. ಇಷ್ಟು ವರ್ಷದಲ್ಲಿ ನಾನು ಇಂಥ ಚಿಪ್ಪು ನೋಡಿಲ್ಲ. ಹಾಲ್ವರ್‌ಗೂ ತೋರಿಸಿದೆ.

"ಎಲ್ಕ್ ಓಡಿಹೋಯ್ತು ಕಣೋ ಆಲ್ಡನ್," ಅಂದ ಅವನು.

"ಎಲ್ಕ್ ಕಥೆ ಬಿಡೋ. ಎಲ್ಕ್ ನಾಳೇನೂ ಬರುತ್ತೆ. ಈ ಹೆಗಲು ನೋಡು."

"ಹೋದ ವರ್ಷ ನನ್ನ ಗುರಿ ತಪ್ಪಿದಾಗ ನೀನು ಊರೆಲ್ಲ ಡಂಗುರ ಹೊಡ್ದಿದ್ದೆ."

"ನಿಂದು ಅಂಥ ಚಿಪ್ಪಾಗಿರಲಿಲ್ಲ."

ನಡೀನ್ ನಗತೊಡಗಿದಳು. ಅಳುವಿನ ನಡುವೆ ನಗುತ್ತಿದ್ದಳು, ಅಥವಾ ನಗುವಿನ ನಡುವೆ ಅಳುತ್ತಿದ್ದಳು, ಹೆಂಗಸರದು ನನಗೆ ತಿಳಿಯುವುದಿಲ್ಲ. ನನ್ನ ತೋಳು ಹಿಡಿದುಕೊಂಡೇ ದಿಬ್ಬ ಇಳಿದಳು. ನಾನು ಬೀಳದಿರಲಿ ಅಂತಲೋ ತಾನು ಬೀಳದಿರಲಿ ಅಂತಲೋ ಕೇಳಲಿಲ್ಲ.

ಮಧ್ಯಾಹ್ನ ಹಾಲ್ವರ್ ಕೋವಿ ಒರೆಸುತ್ತಾ, "ಮುಂದಿನ ವರ್ಷ ಡೇಲ್ ಬರ್ತಾನಲ್ಲ. ಈ ಕೋವಿ ಅವನಿಗೆ ತಾನೆ? ಅಪ್ಪನಿಂದ ಮಗನಿಗೆ," ಅಂದ. ಈ ಸೀಮೆಯಲ್ಲಿ ಪದ್ಧತಿ ಹಾಗೇ ಇದೆ. ಡೇಲ್ ಹುಟ್ಟಿದ ದಿನದಿಂದ ನಾನೂ ಹಾಗೇ ಅಂದುಕೊಂಡು ಬಂದವನು. ನಡೀನ್ ಆಚೆ ಒಲೆಗೆ ಸೌದೆ ಇಡುತ್ತಿದ್ದಳು. ಹಾಲ್ವರ್‌ಗೆ ನಾನು ಏನೂ ಹೇಳಲಿಲ್ಲ. ಅವನಿಗೆ ಹೇಳಿದರೆ ಸಂಜೆಯೊಳಗೆ ಊರಿಗೇ ಹೇಳಿದ ಹಾಗೆ.

ಬೆಟ್ಟ ಇಳಿದ ಮೇಲೆ ಡೇಲ್‌ಗೆ ಕಾಗದ ಬರೆಯಬೇಕು, ಬರುವಾಗ ತನಗೊಂದು ಕೋವಿ ಕೊಂಡುಕೊಂಡು ಬಾ ಅಂತ.